ಕಂಪನಿ ಕಾರ್ಡ್, ನನ್ನ ಖರೀದಿ, ನಾಲ್ಕು ದಿನದ ಮೌನ

ರಾತ್ರಿ ಹತ್ತೂವರೆ. ಅಮ್ಮನಿಗೆ ಹೊಸ ಕನ್ನಡಕ ಆರ್ಡರ್ ಮಾಡುತ್ತಾ ಕೂತಿದ್ದೆ. ಕಣ್ಣಿನ ನಂಬರ್ ಹಾಕಿದೆ, ಫ್ರೇಮ್ ಆರಿಸಿದೆ, ಹಣ ಕಟ್ಟುವ ಬಟನ್ ಒತ್ತಿದೆ. ಎರಡು ಸೆಕೆಂಡಿನಲ್ಲಿ ಮೊಬೈಲಿಗೆ ಮೆಸೇಜ್ ಬಂತು. ಇಷ್ಟು ಖರ್ಚಾಗಿದೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಇವು ಅಂತ. ಆ ನಾಲ್ಕು ಅಂಕಿ ನನ್ನ ಕಾರ್ಡಿನದಲ್ಲ. ಆಫೀಸು ಕೊಟ್ಟಿದ್ದ ಕಾರ್ಡಿನದು.

ಎದೆ ಧಸಕ್ಕೆಂದಿತು.

ಆಗಿದ್ದು ಇಷ್ಟೇ. ಹಿಂದಿನ ವಾರ ಆಫೀಸಿನ ಕೆಲಸಕ್ಕೆ ಹೊರಗೆ ಹೋಗಬೇಕಿತ್ತು. ಟಿಕೆಟ್ ಬುಕ್ ಮಾಡುವಾಗ 'ಈ ಕಾರ್ಡ್ ಸೇವ್ ಮಾಡಲೇ' ಅಂತ ಬ್ರೌಸರ್ ಕೇಳಿತ್ತು. ಆತುರದಲ್ಲಿ ಹೂಂ ಅಂದಿದ್ದೆ. ಎರಡೂ ಕಾರ್ಡ್ ಒಂದೇ ಬ್ಯಾಂಕಿನವು. ಪರದೆಯ ಮೇಲೆ ಎರಡೂ ಒಂದೇ ಬಣ್ಣದ ಪುಟ್ಟ ಚೌಕ. ಕೊನೆಯ ಸಲ ಬಳಸಿದ ಕಾರ್ಡ್ ತಾನಾಗಿಯೇ ಮೇಲೆ ಬಂದು ಕೂತಿತ್ತು. ನಾನು ನೋಡಲಿಲ್ಲ.

ಅದನ್ನು ಹೇಳಿ ಮುಗಿಸಲು ಎರಡು ನಿಮಿಷ ಸಾಕಿತ್ತು. ನಾನು ತೆಗೆದುಕೊಂಡಿದ್ದು ನಾಲ್ಕು ದಿನ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ನಾಲ್ಕು ದಿನದ ಬಗ್ಗೆ.

ಮೊದಲ ರಾತ್ರಿ ಹೊಳೆದಿದ್ದು ಆರ್ಡರ್ ಕ್ಯಾನ್ಸಲ್ ಮಾಡುವ ದಾರಿ. ಕ್ಯಾನ್ಸಲ್ ಮಾಡಿದರೆ ಎಲ್ಲಾ ಅಳಿಸಿಹೋಗುತ್ತದೆ ಅಂತ ಅನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ಹಣ ಸಾಮಾನ್ಯವಾಗಿ ಯಾವ ಕಾರ್ಡಿನಿಂದ ಹೋಯಿತೋ ಅದೇ ಕಾರ್ಡಿಗೆ ವಾಪಸ್ ಬರುತ್ತದೆ, ಅದೂ ಕೆಲವು ದಿನ ತಡವಾಗಿ. ಸ್ಟೇಟ್‌ಮೆಂಟ್‌ನಲ್ಲಿ ಒಂದು ಸಾಲು ಇದ್ದ ಕಡೆ ಎರಡು ಸಾಲು ಬರುತ್ತವೆ. ಹೋದದ್ದು ಒಂದು, ಬಂದದ್ದು ಒಂದು. ಕನ್ನಡಕದ ಅಂಗಡಿಯ ಹೆಸರು ಎರಡು ಸಲ ಕಾಣುತ್ತದೆ. ಕ್ಯಾನ್ಸಲ್ ಮಾಡುವುದು ತಪ್ಪು ಅಂತಲ್ಲ. ಆದರೆ ಹೇಳುವ ಕೆಲಸ ಅದರಿಂದ ತಪ್ಪುವುದಿಲ್ಲ.

ಎರಡನೇ ದಿನ ಇನ್ನೊಂದು ಯೋಚನೆ ಬಂತು. ಇದನ್ನು ಹೇಳಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ. ಆ ಪ್ರಯಾಣದಲ್ಲಿ ನನ್ನ ಕೈಯಿಂದ ಟ್ಯಾಕ್ಸಿಗೆ ಕೊಟ್ಟಿದ್ದ ಹಣ ಇತ್ತು, ಇನ್ನೂ ಕ್ಲೇಮ್ ಮಾಡಿರಲಿಲ್ಲ. ಮೊತ್ತ ಹತ್ತಿರ ಹತ್ತಿರ ಒಂದೇ. ಆ ಟ್ಯಾಕ್ಸಿ ಹಣ ಕೇಳದೇ ಬಿಟ್ಟುಬಿಟ್ಟರೆ ಇದಕ್ಕೆ ಅದು ಸರಿಹೋಯಿತಲ್ಲ ಅಂತ ಮನಸ್ಸು ಹೇಳಿತು. ಕಂಪನಿಗೆ ಒಂದು ಕಾಸೂ ನಷ್ಟವಿಲ್ಲ. ಯಾರಿಗೂ ತೊಂದರೆಯಿಲ್ಲ. ಸುಮ್ನೆ ಮುಗಿದುಹೋಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಒಳ್ಳೆಯ ಮನಸ್ಸಿನ ಎಷ್ಟೋ ಜನ ಜಾರುವುದು ಇಲ್ಲೇ ಅಂತ ನಾನು ನಂಬಿದ್ದೇನೆ.

ಹಾಗೆ ಮಾಡಿದ್ದರೆ ಏನಾಗುತ್ತಿತ್ತು? ತಿಂಗಳ ಕೊನೆಗೆ ಅಕೌಂಟ್ಸ್‌ನವರು ಸ್ಟೇಟ್‌ಮೆಂಟಿನ ಪ್ರತಿ ಸಾಲಿಗೂ ಒಂದು ರಸೀದಿ ಮತ್ತು ಒಂದು ಕಾರಣ ಕೇಳುತ್ತಾರೆ. ಕನ್ನಡಕದ ಸಾಲಿಗೆ ನಾನು ಏನು ಬರೆಯಬೇಕಿತ್ತು? 'ಆಫೀಸ್ ಸಾಮಾನು' ಅಂತಲೇ? ಅದು ಸುಳ್ಳು. ಇನ್ನೊಂದು ಕಡೆ, ನಿಜವಾಗಿ ಆದ ಟ್ಯಾಕ್ಸಿ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಪುಸ್ತಕದಲ್ಲಿ ಒಂದು ತಪ್ಪು ಇದ್ದದ್ದು ಎರಡಾಗುತ್ತದೆ. ಮೊದಲನೆಯದು ಕೈತಪ್ಪಿ ಆಗಿದ್ದು. ಎರಡನೆಯದು ನಾನು ಕೂತು ಯೋಚಿಸಿ ಮಾಡಿದ್ದು. ನಾಳೆ ಯಾರಾದರೂ ಕೇಳಿದರೆ ಮೊದಲನೆಯದಕ್ಕೆ ಉತ್ತರ ಇದೆ. ಎರಡನೆಯದಕ್ಕೆ ನನ್ನ ಹತ್ತಿರ ಏನಿದೆ?

ಡೊನಾಲ್ಡ್ ಕ್ರೆಸ್ಸಿ ಅಂತ ಒಬ್ಬ ಅಮೆರಿಕದ ಅಪರಾಧಶಾಸ್ತ್ರಜ್ಞ ಇದ್ದರು. ನಂಬಿ ಕೈಗೆ ಕೊಟ್ಟ ಹಣವನ್ನು ತಿಂದು ಜೈಲು ಸೇರಿದವರನ್ನು ಅವರು ಮಾತಾಡಿಸಿದರು. 1953ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಎರಡು ಮಾತು ನನ್ನನ್ನು ಬಹಳ ಕಾಡಿದವು. ಒಂದು, ಆ ಜನರ ಹಿಂದೆ ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಒಂದು ತೊಂದರೆ ಇರುತ್ತಿತ್ತು. ಇನ್ನೊಂದು, ಅವರಲ್ಲಿ ಎಷ್ಟೋ ಜನ ತಾವು ಕದಿಯುತ್ತಿದ್ದೇವೆ ಅಂದುಕೊಂಡಿರಲಿಲ್ಲ. ಸಾಲ ತೆಗೆದುಕೊಂಡಿದ್ದೇವೆ, ವಾಪಸ್ ಇಡುತ್ತೇವೆ ಅಂದುಕೊಂಡಿದ್ದರು.

ನಾನು ಅವರ ಹಾಗೆ ಅಂತ ಹೇಳುತ್ತಿಲ್ಲ. ಕೈತಪ್ಪಿದ ಖರೀದಿಗೂ ಕಳ್ಳತನಕ್ಕೂ ಅಜಗಜಾಂತರ ಇದೆ. ಆದರೆ 'ಹೇಗೂ ಸರಿ ಮಾಡಿಬಿಡುತ್ತೇನಲ್ಲ, ಹೇಳುವುದು ಯಾಕೆ' ಅನ್ನುವ ಆ ದನಿ ಇದೆಯಲ್ಲ, ಅದು ಎರಡೂ ಕಡೆ ಒಂದೇ. ಎರಡನೇ ದಿನ ನನ್ನ ತಲೆಯಲ್ಲಿ ಕೇಳಿಸಿದ್ದು ಅದೇ ದನಿ. ಅದಕ್ಕೇ ಹೇಳುತ್ತೇನೆ, ಯಾರಿಗೂ ತಿಳಿಸದೆ ಹಣ ವಾಪಸ್ ತುಂಬುವುದು ತಪ್ಪೊಪ್ಪಿಗೆ ಅಲ್ಲ. ಅದೂ ಮುಚ್ಚಿಡುವುದೇ.

ಮೂರನೇ ದಿನದ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಆ ಸ್ಥಿತಿ. ಅಕೌಂಟ್ಸ್‌ನಿಂದ ಎಲ್ಲರಿಗೂ ಹೋಗುವ ಮಾಮೂಲಿ ಮೇಲ್ ಬಂದರೂ ಬೆವರು. ಅವರ ಟೇಬಲ್ ದಾಟುವಾಗ ಫೋನ್ ನೋಡುವ ನಾಟಕ.

ನಾಲ್ಕನೇ ದಿನ ಬರೆದೆ. ಮೊದಲು ಬರೆದದ್ದು ಒಂದು ಪುಟ ಆಯಿತು. ಅಮ್ಮನ ಕಣ್ಣಿನ ಸಮಸ್ಯೆ, ಅವತ್ತಿನ ಆಯಾಸ, ನನ್ನ ಇಷ್ಟು ವರ್ಷದ ಸರ್ವೀಸು ಎಲ್ಲಾ ಅದರಲ್ಲಿತ್ತು. ಓದಿ ನೋಡಿದೆ. ಓದುವವರಿಗೆ ಕನಿಕರ ಬರಲಿ ಅಂತ ಬರೆದ ಹಾಗಿತ್ತು. ಎಲ್ಲಾ ಅಳಿಸಿದೆ. ಉಳಿದಿದ್ದು ನಾಲ್ಕು ಸಾಲು.

'ಸೋಮವಾರ ರಾತ್ರಿ ಹತ್ತೂವರೆಗೆ ಕಂಪನಿ ಕಾರ್ಡಿನಲ್ಲಿ ನನ್ನ ಸ್ವಂತ ಖರೀದಿಯೊಂದು ತಪ್ಪಿ ಆಗಿದೆ. ಮೊತ್ತವೂ ಅಂಗಡಿಯ ಹೆಸರೂ ಇಲ್ಲಿವೆ, ರಸೀದಿ ಜೊತೆಗಿದೆ. ಹಣವನ್ನು ಹೇಗೆ ಹಿಂದಿರುಗಿಸಬೇಕು ತಿಳಿಸಿ. ಆ ಕಾರ್ಡನ್ನು ನನ್ನ ಬ್ರೌಸರಿನಿಂದ ಇವತ್ತು ತೆಗೆದಿದ್ದೇನೆ.'

ಮ್ಯಾನೇಜರಿಗೂ ಅಕೌಂಟ್ಸ್‌ಗೂ ಒಂದೇ ಮೇಲಿನಲ್ಲಿ ಕಳಿಸಿದೆ. ಬಾಯಿಮಾತಿನಲ್ಲಿ ಹೇಳಿದರೆ ಮನಸ್ಸಿಗೆ ಸುಲಭ, ನಿಜ. ಹೇಳಿ, ಬೇಡ ಅನ್ನುವುದಿಲ್ಲ. ಆದರೆ ಬರಹದಲ್ಲೂ ಇರಲಿ. ಆರು ತಿಂಗಳ ನಂತರ ಆಡಿಟ್ ಮಾಡುವವರು ಬಂದಾಗ ನಿಮ್ಮ ಮ್ಯಾನೇಜರ್ ಬೇರೆ ಕಂಪನಿಯಲ್ಲಿ ಇರಬಹುದು. ಮೇಲ್ ಮಾತ್ರ ಅಲ್ಲೇ ಇರುತ್ತದೆ, ತಾರೀಖಿನ ಸಮೇತ.

'ಹೇಗೆ ಹಿಂದಿರುಗಿಸಬೇಕು ತಿಳಿಸಿ' ಅಂತ ಕೇಳಿದ್ದಕ್ಕೂ ಕಾರಣ ಇದೆ. ಕೆಲವು ಕಡೆ ಸಂಬಳದಲ್ಲಿ ಹಿಡಿಯುತ್ತಾರೆ. ಕೆಲವು ಕಡೆ ಕಂಪನಿ ಖಾತೆಗೆ ನೀವೇ ಕಳಿಸಬೇಕು. ಖರ್ಚಿನ ಸಾಫ್ಟ್‌ವೇರ್‌ನಲ್ಲೇ 'ಸ್ವಂತ ಖರ್ಚು' ಅಂತ ಗುರುತು ಹಾಕುವ ಜಾಗ ಇರುವುದೂ ಉಂಟು. ಕಾರ್ಡಿನ ಬಿಲ್ ಯಾರು ಕಟ್ಟುತ್ತಾರೆ ಅನ್ನುವುದರಲ್ಲೂ ವ್ಯತ್ಯಾಸ ಇದೆ. ಕೆಲವು ಕಾರ್ಡುಗಳ ಬಿಲ್ಲನ್ನು ಕಂಪನಿಯೇ ನೇರವಾಗಿ ಬ್ಯಾಂಕಿಗೆ ಕಟ್ಟುತ್ತದೆ. ಇನ್ನು ಕೆಲವದರಲ್ಲಿ ನೌಕರನೇ ಕಟ್ಟಿ, ಆಮೇಲೆ ಕಂಪನಿಯಿಂದ ಪಡೆಯುತ್ತಾನೆ. ನೀವೇ ಒಂದು ದಾರಿ ಊಹಿಸಿ ಹಣ ಹಾಕಿದರೆ, ಎಲ್ಲಿಂದ ಬಂತು ಅಂತ ಗೊತ್ತಾಗದ ಹಣ ಲೆಕ್ಕದಲ್ಲಿ ಅನಾಥವಾಗಿ ಕೂರುತ್ತದೆ. ಪಾಪ, ಅದನ್ನು ಹುಡುಕುವ ಕೆಲಸ ಇನ್ಯಾರದೋ. ವಾಪಸ್ ಕೊಡದೇ ಬಿಟ್ಟರಂತೂ ಇನ್ನೊಂದು ತೊಡಕು. ಕಂಪನಿ ನೌಕರನ ಸ್ವಂತ ಖರ್ಚನ್ನು ಭರಿಸಿದರೆ, ಹಲವು ದೇಶಗಳಲ್ಲಿ ಅದು ಅವನ ಆದಾಯ ಅಂತ ಲೆಕ್ಕವಾಗಿ ತೆರಿಗೆಯ ಪ್ರಶ್ನೆ ಏಳಬಹುದು.

ಅರ್ಧ ಗಂಟೆಯಲ್ಲಿ ಅಕೌಂಟ್ಸ್‌ನ ಮೇಡಂ ಫೋನ್ ಮಾಡಿದರು. ಬೈಯಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಖಾತೆ ನಂಬರ್ ಕೊಟ್ಟರು, ಹಣ ಕಳಿಸುವಾಗ ಏನು ಬರೆಯಬೇಕು ಹೇಳಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು. 'ಮೆಸೇಜ್ ಸೋಮವಾರವೇ ಬಂದಿತ್ತಲ್ವಾ, ಶುಕ್ರವಾರದ ತನಕ ಯಾಕೆ ಕಾದಿರಿ?'

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 'ಹೆದರಿಕೆ ಆಯ್ತು ಮೇಡಂ' ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಹೆದರಬೇಡಿ, ಆದರೆ ಬೇಗ ಹೇಳಿ' ಅಂದರು. ಖರೀದಿಯ ಬಗ್ಗೆ ಅವರಿಗೆ ಕೇಳುವುದೇನೂ ಇರಲಿಲ್ಲ. ಕೇಳಿದ್ದು ಆ ನಾಲ್ಕು ದಿನದ ಬಗ್ಗೆ ಮಾತ್ರ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗೆ ಮಾಡಿಕೊಂಡಿದ್ದು ನಾನೇ.

ಇಷ್ಟು ಹೇಳಿ ತಪ್ಪೆಲ್ಲಾ ನೌಕರನದೇ ಅಂತ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ನಾನು ಹೆದರಿದ್ದು ಗಾಳಿಗೆ ಅಲ್ಲ. ನಮ್ಮ ಕಾರ್ಡ್ ನಿಯಮ ತೆಗೆದು ನೋಡಿ. ದುರುಪಯೋಗ ಮಾಡಿದರೆ ಶಿಸ್ತು ಕ್ರಮ, ಕೆಲಸದಿಂದ ತೆಗೆಯುವವರೆಗೂ ಹೋಗಬಹುದು ಅಂತ ದಪ್ಪ ಅಕ್ಷರದಲ್ಲಿದೆ. ತಪ್ಪಿ ಆದರೆ ಏನು ಮಾಡಬೇಕು ಅನ್ನುವ ಸಾಲೇ ಇಲ್ಲ. ಹೊಸದಾಗಿ ಸೇರಿದವರು ಅದನ್ನು ಓದಿದರೆ ಏನು ಅರ್ಥ ಮಾಡಿಕೊಳ್ಳುತ್ತಾರೆ? ತಪ್ಪೂ ದುರುಪಯೋಗವೂ ಒಂದೇ ಅಂತ. ಹಾಗೆ ಅಂದುಕೊಂಡವರು ಬಾಯಿ ಬಿಡುತ್ತಾರಾ?

ಜೀವ ಪಣಕ್ಕಿಟ್ಟು ನಡೆಯುವ ಕ್ಷೇತ್ರವೊಂದು ಇದನ್ನು ಎಂದೋ ಅರ್ಥ ಮಾಡಿಕೊಂಡಿದೆ. ಅಮೆರಿಕದಲ್ಲಿ ಪೈಲಟ್‌ಗಳು, ವಿಮಾನ ನಿಯಂತ್ರಣದವರು, ಮೆಕ್ಯಾನಿಕ್‌ಗಳು ತಮ್ಮ ತಪ್ಪನ್ನು ತಾವೇ ಬರೆದು ಕಳಿಸಲು ಒಂದು ವ್ಯವಸ್ಥೆ ಇದೆ. ಅದನ್ನು ನಾಸಾ 1976ರಿಂದ ನಡೆಸುತ್ತಿದೆ. ವಿಮಾನಯಾನದ ನಿಯಮ ಮಾಡಿ ದಂಡ ಹಾಕುವ ಸಂಸ್ಥೆ ಬೇರೆ. ವರದಿ ಮೊದಲು ನಾಸಾಕ್ಕೆ ಹೋಗುತ್ತದೆ, ಅಲ್ಲಿ ಹೆಸರು ತೆಗೆಯುತ್ತಾರೆ. ತಪ್ಪು ಬೇಕಂತ ಮಾಡಿದ್ದಲ್ಲ, ಅಪರಾಧವಲ್ಲ, ಅಪಘಾತವಲ್ಲ, 10 ದಿನದೊಳಗೆ ವರದಿ ಕೊಟ್ಟಿದ್ದಾರೆ ಅಂದರೆ, ಆಮೇಲೆ ನಿಯಮ ಮುರಿದದ್ದು ಸಾಬೀತಾದರೂ ದಂಡ ಹಾಕುವುದಿಲ್ಲ, ಲೈಸೆನ್ಸ್ ಅಮಾನತು ಮಾಡುವುದಿಲ್ಲ. ಇನ್ನೂ ಒಂದೆರಡು ಷರತ್ತು ಇವೆ, ಆದರೆ ತಿರುಳು ಇದೇ.

ವಿಮಾನದ ವಿಷಯದಲ್ಲೇ ಇಷ್ಟು ಸಾಧ್ಯ ಅಂದಮೇಲೆ, ಒಂದು ಕಾರ್ಡಿನ ವಿಷಯದಲ್ಲಿ ಯಾಕೆ ಆಗಬಾರದು? 'ಕಂಪನಿ ಕಾರ್ಡಿನಲ್ಲಿ ಸ್ವಂತ ಖರ್ಚು ತಪ್ಪಿ ಆದರೆ, ಗೊತ್ತಾದ ಎರಡು ಕೆಲಸದ ದಿನದೊಳಗೆ ಇವರಿಗೆ ತಿಳಿಸಿ, ಹೀಗೆ ಹಣ ತುಂಬಿ, ಅದಕ್ಕೆ ಶಿಸ್ತು ಕ್ರಮ ಇಲ್ಲ.' ಇಷ್ಟು ಬರೆದರೆ ಸಾಕು. ಪದೇ ಪದೇ ತಪ್ಪುವವರು ಇದನ್ನು ಗುರಾಣಿ ಮಾಡಿಕೊಳ್ಳುತ್ತಾರೆ ಅಂತ ಕೆಲವರು ಹೇಳುತ್ತಾರೆ. ಪ್ರತಿ ಸಲವೂ ಬರಹದಲ್ಲಿ ದಾಖಲಾದರೆ ಪದೇ ಪದೇ ತಪ್ಪುವವರು ಬೇಗ ಕಣ್ಣಿಗೆ ಬೀಳುತ್ತಾರೆ. ಯಾರೂ ಏನೂ ಹೇಳದಿದ್ದಾಗಲೇ ಅವರು ಗುಂಪಿನಲ್ಲಿ ಕಾಣದೇ ಹೋಗುವುದು.

ಮ್ಯಾನೇಜರ್ ಆಗಿರುವವರಿಗೆ ಒಂದು ಮಾತು. ಈ ವರ್ಷ ನಮ್ಮ ತಂಡಕ್ಕೆ ಸೇರಿದ ಹುಡುಗನೊಬ್ಬ ಒಂದು ಮಧ್ಯಾಹ್ನ ನನ್ನ ಟೇಬಲ್ ಹತ್ತಿರ ಬಂದು ನಿಂತ. ಕೈಯಲ್ಲಿ ಕಾರ್ಡ್. ಅದರ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದ. 'ಸಾರ್, ಒಂದು ತಪ್ಪಾಗಿದೆ' ಅಂದ. ತನ್ನ ಫೋನಿನ ಬಿಲ್ಲನ್ನು ಇದರಲ್ಲಿ ಕಟ್ಟಿಬಿಟ್ಟಿದ್ದ, ಇಪ್ಪತ್ತು ನಿಮಿಷದ ಹಿಂದೆ. ನನ್ನ ಮುಖದಲ್ಲಿ ಏನು ಕಾಣುತ್ತದೆ ಅಂತ ಅವನು ನೋಡುತ್ತಿದ್ದ. ನಾನು ಲ್ಯಾಪ್‌ಟಾಪ್ ಮುಚ್ಚಿ ಅವನಿಗೆ ಕುರ್ಚಿ ಎಳೆದೆ. ಒಟ್ಟಿಗೆ ಕೂತು ಆ ನಾಲ್ಕು ಸಾಲು ಬರೆದೆವು. ನನ್ನ ಕನ್ನಡಕದ ಕಥೆಯನ್ನೂ ಹೇಳಿದೆ. ಆಮೇಲೆ ಅವನ ಹೆಬ್ಬೆರಳು ನಿಂತಿತು. ಆ ಕ್ಷಣದಲ್ಲಿ ನಾನು ಹುಬ್ಬು ಗಂಟಿಕ್ಕಿದ್ದರೆ, ಅವನಷ್ಟೇ ಅಲ್ಲ, ಪಕ್ಕದ ಟೇಬಲಿನಲ್ಲಿ ಕಿವಿ ಇಟ್ಟು ಕೂತಿದ್ದ ಇನ್ನಿಬ್ಬರೂ ಮುಂದೆ ಯಾವತ್ತೂ ಬರುತ್ತಿರಲಿಲ್ಲ.

ಆ ಒಂದು ಸಾಲನ್ನು ನಮ್ಮ ನಿಯಮದಲ್ಲಿ ಸೇರಿಸಿ ಅಂತ ಹಣಕಾಸು ವಿಭಾಗಕ್ಕೆ ಬರೆದಿದ್ದೇನೆ. ಅಕೌಂಟ್ಸ್‌ನ ಆ ಮೇಡಂ ಕೂಡ ಸಹಿ ಹಾಕಿದ್ದಾರೆ. ಇನ್ನೂ ಉತ್ತರ ಬಂದಿಲ್ಲ. ಸೋಮವಾರ ಮತ್ತೆ ಕೇಳುತ್ತೇನೆ.