ರಾತ್ರಿ ಯಾಕೆ ಕತ್ತಲು?

[ದೃಶ್ಯ: ಕರೆಂಟ್ ಹೋದ ಊರು. ತಾರಸಿಯಿಂದ ಕಾಣುವ ಆಕಾಶ.]

ನಾಲ್ಕು ವರ್ಷದ ಮಗು ಕೇಳುತ್ತೆ: ರಾತ್ರಿ ಯಾಕೆ ಕತ್ತಲು? ನಾವು ತಕ್ಷಣ ಹೇಳುತ್ತೀವಿ: ಸೂರ್ಯ ಮುಳುಗಿದ, ಅದಕ್ಕೆ.

ಮಗು ಅಷ್ಟಕ್ಕೆ ಬಿಡಲಿಲ್ಲ ಅಂತ ಇಟ್ಟುಕೊಳ್ಳಿ. "ನಕ್ಷತ್ರಗಳೂ ಸೂರ್ಯರೇ ಅಂದಿದ್ದೆಯಲ್ಲ, ಅವು ಮುಳುಗಿಲ್ಲವಲ್ಲ?"

ಈ ಮರುಪ್ರಶ್ನೆಗೆ ಸರಿಯಾದ ಉತ್ತರ ಸಿಗೋಕೆ ಖಗೋಳ ವಿಜ್ಞಾನಕ್ಕೆ ಮುನ್ನೂರು ವರ್ಷಕ್ಕೂ ಹೆಚ್ಚು ಹಿಡೀತು. ಉತ್ತರ ಸಿಕ್ಕಾಗ ಅದರ ಜೊತೆಗೇ ಇನ್ನೊಂದು ದೊಡ್ಡ ಪ್ರಶ್ನೆಗೂ ಉತ್ತರವಿತ್ತು: ಈ ವಿಶ್ವ ಎಂದೆಂದಿಗೂ ಇತ್ತೋ, ಅಥವಾ ಒಂದು ದಿನ ಶುರುವಾಯಿತೋ?

[ದೃಶ್ಯ: ಆಗುಂಬೆಯ ಕಾಡು. ಕ್ಯಾಮೆರಾ ನಿಧಾನವಾಗಿ ಒಂದು ಸುತ್ತು ತಿರುಗುತ್ತೆ.]

ಮಲೆನಾಡಿನ ದಟ್ಟ ಕಾಡಿನ ನಡುವೆ ನಿಂತಿದ್ದೀರಿ. ಯಾವ ದಿಕ್ಕಿಗೆ ನೋಡಿದರೂ ಕಣ್ಣು ಒಂದಲ್ಲ ಒಂದು ಮರಕ್ಕೆ ತಾಗುತ್ತೆ. ಹತ್ತಿರದ ಎರಡು ಮರಗಳ ಸಂದಿಯಲ್ಲಿ ದೂರದ್ದೊಂದು, ಅದರ ಸಂದಿಯಲ್ಲಿ ಇನ್ನೂ ದೂರದ್ದು. ಕಾಡಿಗೆ ಕೊನೆಯೇ ಇಲ್ಲದಿದ್ದರೆ ಬಯಲು ಕಾಣೋ ಮಾತೇ ಇಲ್ಲ. ಹಾಗೆಯೇ, ವಿಶ್ವಕ್ಕೆ ಕೊನೆಯಿಲ್ಲ, ಎಲ್ಲ ಕಡೆ ನಕ್ಷತ್ರಗಳು ಹರಡಿವೆ ಅನ್ನೋದಾದರೆ, ನಮ್ಮ ದೃಷ್ಟಿ ಎತ್ತ ಹೋದರೂ ಕೊನೆಗೆ ಒಂದು ನಕ್ಷತ್ರಕ್ಕೆ ಬಡಿಯಲೇಬೇಕು.

ದೂರದ ನಕ್ಷತ್ರ ಮಂಕಾಗಿ ಕಾಣುತ್ತಲ್ಲ ಅಂತೀರಾ? ನಿಜ. ಎರಡು ಪಟ್ಟು ದೂರ ಹೋದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಆದರೆ ಅಷ್ಟು ದೂರದಲ್ಲಿ ನಮ್ಮ ಸುತ್ತ ಅಷ್ಟೇ ದಪ್ಪದ ಒಂದು ಪದರ ಎಳೆದರೆ, ಅದರಲ್ಲಿ ನಾಲ್ಕು ಪಟ್ಟು ನಕ್ಷತ್ರಗಳು ಸಿಗುತ್ತವೆ. ಲೆಕ್ಕ ಸರಿಹೋಯಿತು: ಪ್ರತಿ ಪದರವೂ ನಮಗೆ ಅಷ್ಟಷ್ಟೇ ಬೆಳಕು ಕಳಿಸುತ್ತೆ, ಪದರಗಳಿಗೆ ಕೊನೆಯೇ ಇಲ್ಲ. ಇಡೀ ಆಕಾಶ ಸೂರ್ಯನ ಮೈಯಷ್ಟೇ ಪ್ರಖರವಾಗಿ ಉರಿಯಬೇಕು. ನಮ್ಮ ತಲೆ ಮೇಲಿನ ಅರ್ಧಗೋಳವನ್ನು ಮುಚ್ಚೋಕೆ 90 ಸಾವಿರಕ್ಕೂ ಹೆಚ್ಚು ಸೂರ್ಯಬಿಂಬ ಬೇಕು. ಆ ಬಿಸಿಗೆ ಭೂಮಿಯೇ ಉಳಿಯುತ್ತಿರಲಿಲ್ಲ.

1610ರಲ್ಲೇ ಖಗೋಳ ವಿಜ್ಞಾನಿ ಯೋಹಾನೆಸ್ ಕೆಪ್ಲರ್ ಈ ಕತ್ತಲನ್ನು ಗಮನಿಸಿ, ವಿಶ್ವ ಅನಂತವಾಗಿರೋಕೆ ಸಾಧ್ಯವಿಲ್ಲ ಅಂದ. 1823ರಲ್ಲಿ ಇದನ್ನೇ ಮತ್ತೆ ಎತ್ತಿಕೊಂಡವನು ಜರ್ಮನಿಯ ಬ್ರೆಮೆನ್ ಊರಿನ ಡಾಕ್ಟರ್, ಹೈನ್ರಿಕ್ ಓಲ್ಬರ್ಸ್. ಹಗಲು ರೋಗಿಗಳು, ರಾತ್ರಿ ದೂರದರ್ಶಕ. ಎರಡು ಕ್ಷುದ್ರಗ್ರಹ ಕಂಡುಹಿಡಿದ ಮನುಷ್ಯ. ಈ ಒಗಟಿಗೆ ಅವನ ಹೆಸರೇ ಅಂಟಿಕೊಂಡಿದೆ. ನಡುವೆ ಏನೋ ತೆಳುವಾದ ವಸ್ತು ಬೆಳಕನ್ನು ತಡೀತಿರಬೇಕು ಅಂತ ಅವನ ಊಹೆ. ಅದು ನಿಲ್ಲಲ್ಲ. ಬೆಳಕು ಹೀರಿಕೊಂಡ ದೂಳು ಕಾಯುತ್ತೆ, ಕಾದು ಕಾದು ಕೊನೆಗೆ ತಾನೇ ಬೆಳಗುತ್ತೆ.

ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾಗೋದು ಮುಂದಿನ ತಿರುವು. ಉತ್ತರದ ಎಳೆ ಹಿಡಿದವನು ಒಬ್ಬ ಕವಿ! 1848ರಲ್ಲಿ ಅಮೆರಿಕದ ಎಡ್ಗರ್ ಅಲನ್ ಪೋ ಬರೆದದ್ದರ ಸಾರ ಇಷ್ಟು: ನಮಗೆ ಖಾಲಿಯಾಗಿ ಕಾಣೋ ಜಾಗಗಳ ಹಿಂದಿನ ದೂರ ಎಷ್ಟೆಂದರೆ, ಅಲ್ಲಿಂದ ಹೊರಟ ಒಂದು ಕಿರಣವೂ ಇನ್ನೂ ನಮ್ಮನ್ನು ಮುಟ್ಟಿಲ್ಲ. 1901ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಲೆಕ್ಕ ಹಾಕಿ ಅದೇ ದಾರಿ ತೋರಿಸಿದ.

[ದೃಶ್ಯ: ಕತ್ತಲಲ್ಲಿ ನಮ್ಮ ಕಡೆಗೆ ಬರುತ್ತಿರುವ ಒಂದೇ ಒಂದು ಕಿರಣ.]

ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಆಕಾಶದ ಪ್ರತಿ ಸಂದಿಯನ್ನೂ ನಕ್ಷತ್ರದಿಂದ ತುಂಬೋಕೆ ಬೇಕಾದ ದೂರದಿಂದ ಬೆಳಕು ಇಲ್ಲಿಗೆ ಬರೋದಕ್ಕೆ ಇಷ್ಟು ಸಮಯ ಏನೇನೂ ಸಾಲದು. ನಕ್ಷತ್ರಗಳೂ ಅಷ್ಟು ಕಾಲ ಬಾಳೋದಿಲ್ಲ. ನಮ್ಮ ಸೂರ್ಯನ ಆಯಸ್ಸೇ ಸುಮಾರು 1000 ಕೋಟಿ ವರ್ಷ. ಅಂದರೆ ರಾತ್ರಿ ಕತ್ತಲಾಗಿರೋಕೆ ಮುಖ್ಯ ಕಾರಣ, ವಿಶ್ವಕ್ಕೊಂದು ಹುಟ್ಟು ಇರೋದು. ಬರಿಗಣ್ಣಿಗೆ, ಪುಕ್ಕಟೆಯಾಗಿ, ದಿನಾ ಸಿಗೋ ಸಾಕ್ಷಿ ಇದು.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ. ಒಂದು ಲೆಕ್ಕದಲ್ಲಿ ಆಕಾಶ ಕತ್ತಲಾಗಿಯೇ ಇಲ್ಲ!

1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಅರ್ನೋ ಪೆಂಜಿಯಾಸ್, ರಾಬರ್ಟ್ ವಿಲ್ಸನ್ ಅನ್ನೋ ಇಬ್ಬರು ದೊಡ್ಡ ಕಹಳೆಯಾಕಾರದ ಆಂಟೆನಾ ಹಿಡಿದು ಕೂತಿದ್ದರು. ಎತ್ತ ತಿರುಗಿಸಿದರೂ ಒಂದೇ ಗೊರಗೊರ ಸದ್ದು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ಎಲ್ಲ ಉಜ್ಜಿ ತೆಗೆದರು. ಸದ್ದು ಹೋಗಲಿಲ್ಲ. ಅದು ವಿಶ್ವ ಹುಟ್ಟಿ ಸುಮಾರು 3 ಲಕ್ಷ 80 ಸಾವಿರ ವರ್ಷವಾಗಿದ್ದಾಗ ಹೊರಟ ಬೆಳಕು. ಆಗ ಎಲ್ಲೆಲ್ಲೂ ಸುಮಾರು 3000 ಕೆಲ್ವಿನ್ (ಅಂದಾಜು 2700 ಡಿಗ್ರಿ ಸೆಲ್ಸಿಯಸ್) ಬಿಸಿಯ ಅನಿಲ ಕೆಂಪಗೆ ಬೆಳಗುತ್ತಿತ್ತು. ನಕ್ಷತ್ರಗಳ ಸಂದಿಯಲ್ಲಿ ನಮ್ಮ ದೃಷ್ಟಿ ಕೊನೆಗೆ ಹೋಗಿ ಬಡಿಯೋದು ಆ ಬೆಳಗಿಗೇ. ಆದರೆ ವಿಶ್ವ ಹಿಗ್ಗುತ್ತಾ ಬಂದು ಆ ಅಲೆಗಳನ್ನು ಸುಮಾರು 1100 ಪಟ್ಟು ಎಳೆದುಬಿಟ್ಟಿದೆ. ಈಗ ಅದು ಬರೀ 2.7 ಕೆಲ್ವಿನ್, ಅಂದರೆ ಸೊನ್ನೆ ಸೆಲ್ಸಿಯಸ್‌ಗಿಂತ 270 ಡಿಗ್ರಿ ಕೆಳಗಿನ ಮೈಕ್ರೋವೇವ್ ಅಲೆ. ನಮ್ಮ ಕಣ್ಣಿಗೆ ಕಾಣಲ್ಲ, ಅಷ್ಟೇ. ಮಗುವಿನ ತರ್ಕದಲ್ಲಿ ತಪ್ಪೇನೂ ಇರಲಿಲ್ಲ.

ಈ ಬೆಳಗು ಆರಿ, ಮೊದಲ ನಕ್ಷತ್ರ ಹತ್ತಿಕೊಂಡದ್ದು ಯಾವಾಗ? ಇದಕ್ಕೆ ಕಿವಿಗೊಟ್ಟವರು ನಮ್ಮಲ್ಲೂ ಇದ್ದಾರೆ.

[ದೃಶ್ಯ: ಶರಾವತಿ ಹಿನ್ನೀರು. ನೀರಿನ ಮೇಲೆ ತೇಲುವ ಆಂಟೆನಾ.]

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ 'ಸಾರಸ್' ಅನ್ನೋ ರೇಡಿಯೋ ಉಪಕರಣವನ್ನು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೆಲದಡಿ ಮಣ್ಣು, ಕಲ್ಲು ಅಂತ ಪದರ ಪದರವಾಗಿದ್ದು ಅಳತೆ ಕೆಡುತ್ತೆ. ನೀರು ಒಂದೇ ಸಮ. ಮೊದಲ ನಕ್ಷತ್ರಗಳ ಗುರುತು ಒಂದು ರೇಡಿಯೋ ಸಂಕೇತದಲ್ಲಿ ಸಿಕ್ಕಿತು ಅಂತ 2018ರಲ್ಲಿ ಅಮೆರಿಕದ ತಂಡವೊಂದು ಹೇಳಿತ್ತು. ಸಾರಸ್‌ಗೆ ಆ ಸಂಕೇತ ಕಾಣಲಿಲ್ಲ ಅಂತ 2022ರಲ್ಲಿ ಪ್ರಕಟವಾಯಿತು. ಜಗತ್ತಿನ ಗಮನ ಸೆಳೆದ ವಿಷಯವನ್ನು ನಮ್ಮ ಹಿನ್ನೀರಿನಲ್ಲಿ ಒರೆಗೆ ಹಚ್ಚಿದರಲ್ಲ, ಅದು ನನಗೆ ತುಂಬ ಹೆಮ್ಮೆಯ ಸಂಗತಿ.

ಹುಡುಕಾಟ ಮುಂದುವರಿದಿದೆ. ಆ ಸಂಕೇತ ಬರೋ ರೇಡಿಯೋ ತರಂಗಗಳ ಪಟ್ಟಿಯಲ್ಲೇ ನಮ್ಮ ಎಫ್‌ಎಂ ಸ್ಟೇಷನ್‌ಗಳ ಗದ್ದಲವೂ ಇದೆ. ಅದಕ್ಕೇ 'ಪ್ರತುಷ್' ಅನ್ನೋ ಉಪಕರಣವನ್ನು ಚಂದ್ರನ ಸುತ್ತ ಕಳಿಸಿ, ಭೂಮಿ ಮರೆಯಾಗೋ ಆಚೆ ಬದಿಯಲ್ಲಿ ಆಲಿಸಬೇಕು ಅನ್ನೋದು ಈ ಸಂಸ್ಥೆಯವರ ಯೋಜನೆ.