ಪೆನ್ಸಿಲಿನಲ್ಲಿ ಬರೆದ ಅರ್ಜಿ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕೋರ್ಟುಗಳ ಬಗ್ಗೆ ಮಾತಾಡಿ ಅಂದಿದ್ದೀರಿ. ನಾನು ಒಂದು ಬಿಲಿಯರ್ಡ್ಸ್ ಅಡ್ಡಾದಿಂದ ಶುರು ಮಾಡುತ್ತೇನೆ. ಫ್ಲಾರಿಡಾದ ಪನಾಮಾ ಸಿಟಿ, 1961ರ ಜೂನ್. ರಾತ್ರಿ ಯಾರೋ ನುಗ್ಗಿ ಒಂದಿಷ್ಟು ಬಿಯರು, ಮೆಷಿನ್ನಿನಲ್ಲಿದ್ದ ಚಿಲ್ಲರೆ ಕದ್ದರು. ಸಿಕ್ಕಿಬಿದ್ದವನು ಕ್ಲಾರೆನ್ಸ್ ಗಿಡಿಯನ್, ಕೈಯಲ್ಲಿ ಕಾಸಿಲ್ಲದವನು. ನನಗೊಬ್ಬ ವಕೀಲರನ್ನು ಕೊಡಿ ಅಂತ ಕೋರ್ಟಿನಲ್ಲಿ ಕೇಳಿಕೊಂಡ. ಮರಣದಂಡನೆಯ ಕೇಸಾದರೆ ಮಾತ್ರ ಕೊಡುತ್ತೇವೆ ಅಂದರು ಜಡ್ಜ್. ತನ್ನ ಕೇಸನ್ನು ತಾನೇ ನಡೆಸಿದ, ಸೋತ. 5 ವರ್ಷ ಜೈಲು.

ಅವನು ಮುಂದೆಲ್ಲಿಗೆ ಹೋಗಬೇಕು? ನಮ್ಮಲ್ಲಾದರೆ ಒಂದೇ ಏಣಿ. ತಾಲ್ಲೂಕಿನಲ್ಲಿ ಹತ್ತಿದ ಕೇಸು ಜಿಲ್ಲೆ, ಹೈಕೋರ್ಟು ದಾಟಿ ದೆಹಲಿ ಮುಟ್ಟುತ್ತದೆ. ಅಲ್ಲಿ ಏಣಿ ಎರಡು. ಪ್ರತಿ ರಾಜ್ಯಕ್ಕೂ ತನ್ನದೇ ಕೋರ್ಟುಗಳ ಸಾಲು. ಕಳ್ಳತನ, ಡೈವೋರ್ಸು, ಬಾಡಿಗೆ ಜಗಳ, ಹೀಗೆ ಜಾಸ್ತಿ ಕೇಸುಗಳು ನಡೆಯುವುದು ಅಲ್ಲೇ. ನ್ಯೂಯಾರ್ಕ್ ರಾಜ್ಯದಲ್ಲಂತೂ ಸಾಕ್ಷಿ ವಿಚಾರಣೆ ಮಾಡುವ ಕೆಳಗಿನ ಕೋರ್ಟಿಗೇ ಸುಪ್ರೀಂ ಕೋರ್ಟು ಅಂತ ಹೆಸರು! ಹೊಸಬರು ಬೇಸ್ತು ಬೀಳದೆ ಇರುತ್ತಾರಾ?

ಇನ್ನೊಂದು ಏಣಿ ಫೆಡರಲ್ ಕೋರ್ಟುಗಳದ್ದು, ಅಂದರೆ ಕೇಂದ್ರದ ಕೋರ್ಟುಗಳದ್ದು. 1789ರ ಕಾನೂನಿನಿಂದ ಶುರುವಾದದ್ದು. ಕೆಳಗೆ 94 ಜಿಲ್ಲಾ ಕೋರ್ಟುಗಳು, ನಡುವೆ 13 ಅಪೀಲು ಕೋರ್ಟುಗಳು, ಮೇಲೆ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು. ಕೇಂದ್ರದ ಕಾನೂನು, ಪೇಟೆಂಟು, ದಿವಾಳಿ, ರಾಜ್ಯ ರಾಜ್ಯಗಳ ನಡುವಿನ ತಕರಾರು ಇಲ್ಲಿಗೆ ಬರುತ್ತವೆ. ಸುಪ್ರೀಂ ಕೋರ್ಟಿನಲ್ಲಿ 1869ರಿಂದ 9 ಜನ ಜಡ್ಜ್‌ಗಳು. ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ನಮ್ಮ ಸುಪ್ರೀಂ ಕೋರ್ಟಿನವರು 65ಕ್ಕೆ ರಿಟೈರ್ ಆಗುತ್ತಾರೆ, ಅಲ್ವಾ? ಅಲ್ಲಿ ವಯಸ್ಸಿನ ಮಿತಿಯೇ ಇಲ್ಲ. ಯಾರಿಗೂ ಹೆದರದೆ ತೀರ್ಪು ಕೊಡಲಿ ಅಂತ ಹಾಗೆ ಮಾಡಿದ್ದು. ಆದರೆ ಒಬ್ಬ ಅಧ್ಯಕ್ಷ ಮನೆಗೆ ಹೋಗಿ 20, 30 ವರ್ಷ ಕಳೆದರೂ ಅವರು ಕೂರಿಸಿದ ಜಡ್ಜ್ ಅಲ್ಲೇ ಇರುತ್ತಾರೆ. ಇದು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಗಿಡಿಯನ್ ವಿಷಯಕ್ಕೆ ಬರೋಣ. ಫ್ಲಾರಿಡಾದ ಸುಪ್ರೀಂ ಕೋರ್ಟು ಅವನ ಅರ್ಜಿಯನ್ನು ತಳ್ಳಿಹಾಕಿತು. ರಾಜ್ಯದ ಏಣಿಯ ತುದಿಯಿಂದ ವಾಷಿಂಗ್ಟನ್ನಿಗೆ ದಾಟಬೇಕಾದರೆ ಕೇಸಿನಲ್ಲಿ ದೇಶದ ಸಂವಿಧಾನದ ಅಥವಾ ಕೇಂದ್ರ ಕಾನೂನಿನ ಪ್ರಶ್ನೆ ಇರಬೇಕು. ವಕೀಲರಿಲ್ಲದೆ ವಿಚಾರಣೆ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ ಅಂತ ಅವನು ಜೈಲಿನ ಕಾಗದದ ಮೇಲೆ ಪೆನ್ಸಿಲಿನಲ್ಲೇ ಬರೆದು ಕಳಿಸಿದ. ವರ್ಷಕ್ಕೆ ಸಾವಿರಾರು ಅರ್ಜಿ ಬರುವ ಜಾಗ ಅದು. ಒಂಬತ್ತರಲ್ಲಿ ನಾಲ್ವರಾದರೂ ಹೂಂ ಅಂದರೇ ವಿಚಾರಣೆ. ಇವನದ್ದಕ್ಕೆ ಹೂಂ ಅಂದರು.

1963ರ ಮಾರ್ಚಿನಲ್ಲಿ ಒಂಬತ್ತೂ ಜನ ಒಂದೇ ತೀರ್ಪು ಕೊಟ್ಟರು: ಇಂಥ ಕೇಸಿನಲ್ಲಿ ಬಡವನಿಗೆ ರಾಜ್ಯವೇ ವಕೀಲರನ್ನು ಒದಗಿಸಬೇಕು. ಹಾಗಂತ ಅವನನ್ನು ಬಿಟ್ಟುಬಿಡಲಿಲ್ಲ. ಕದ್ದನೋ ಇಲ್ಲವೋ ಎನ್ನುವುದು ಫ್ಲಾರಿಡಾದ ಪ್ರಶ್ನೆ. ಕೇಸು ವಾಪಸು ಅದೇ ಊರಿಗೆ, ಅದೇ ಜಡ್ಜ್ ಮುಂದೆ ಬಂತು. ಈ ಸಲ ಪಕ್ಕದಲ್ಲಿ ವಕೀಲರಿದ್ದರು. ಪಾಟೀಸವಾಲಿನಲ್ಲಿ ಮುಖ್ಯ ಸಾಕ್ಷಿಯನ್ನು ಚೆನ್ನಾಗಿ ಜಾಲಾಡಿದರು. ಆಗಸ್ಟಿನಲ್ಲಿ ಜ್ಯೂರಿ, ಅಂದರೆ ತಪ್ಪಿತಸ್ಥ ಹೌದೋ ಅಲ್ಲವೋ ಅಂತ ಹೇಳುವ ಸಾಮಾನ್ಯ ಜನರ ತಂಡ, ಒಳಗೆ ಹೋಗಿ ಸುಮಾರು ಒಂದು ಗಂಟೆಯಲ್ಲಿ ಹೊರಗೆ ಬಂತು. ನಿರ್ದೋಷಿ ಅಂದಿತು.