ಅರಿಕೆ ಮತ್ತು ಓಟು

ಕೇಳುಗರೇ, ನಮಸ್ಕಾರ.

ಮೈಸೂರಿನ ನಮ್ಮ ಮನೆಯ ದೇವರ ಗೂಡಿನಲ್ಲಿ ಚಾಮುಂಡಿ ಪಟದ ಪಕ್ಕ ಇನ್ನೊಂದು ಪಟವಿತ್ತು, ನಾಲ್ವಡಿ ಕೃಷ್ಣರಾಜ ಒಡೆಯರದು. ಅಜ್ಜಿ ದಿನಾ ಅದಕ್ಕೂ ಒಂದು ಹೂವು ಇಡುತ್ತಿದ್ದಳು. ಅವಳ ತವರು ಮಂಡ್ಯ ಕಡೆ. ನಾಲ್ವಡಿಯವರ ಕಾಲದ ಕನ್ನಂಬಾಡಿ ಕಟ್ಟೆಯ ನೀರು ಬಂದಮೇಲೆ ಭತ್ತ ಕಂಡ ಸೀಮೆ ಅದು. ಅಂಥವಳ ಮುಂದೆ ಕೂತು ರಾಜರ ಆಳ್ವಿಕೆಗಿಂತ ಗಣರಾಜ್ಯವೇ ಮೇಲು ಅಂತ ವಾದ ಮಾಡೋದು ಸುಲಭವಾ?

ಅವಳ ಮಾತಿನಲ್ಲೂ ಹುರುಳಿತ್ತು. 1905ರಲ್ಲೇ ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂತು. 1916ರಲ್ಲಿ ಮೈಸೂರಿಗೆ ವಿಶ್ವವಿದ್ಯಾನಿಲಯ ಬಂತು. ಇದನ್ನೆಲ್ಲ ಓಟು ಕೇಳದೆಯೇ ಮಾಡಿದರು, ಅಲ್ವಾ?

ಓಟು ಕೇಳಲಿಲ್ಲ, ನಿಜ. ಆದರೆ ಜನರ ಮಾತು ಕೇಳುವುದಕ್ಕೆ ಒಂದು ಜಾಗ ಮಾಡಿದ್ದರು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮೊದಲ ಸಭೆಗೆ ಲೆಕ್ಕ 144 ಜನ. ಹೆಚ್ಚಿನವರು ಜಮೀನಿದ್ದವರು, ವ್ಯಾಪಾರಸ್ಥರು. ದಸರೆಗೆ ಮೈಸೂರಿಗೆ ಬರುವುದು, ವರ್ಷದ ಆಡಳಿತ ಹೇಗೆ ನಡೆಯಿತು ಅಂತ ದಿವಾನರು ಓದುವುದನ್ನು ಕೇಳುವುದು, ಆಮೇಲೆ ತಮ್ಮ ಊರಿನ ಕಷ್ಟ ಹೇಳಿಕೊಳ್ಳುವುದು. ಆ ಕಾಲಕ್ಕೆ ಅದು ದೊಡ್ಡ ಮಾತೇ. ಆದರೆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ದಿವಾನರನ್ನು ಇಳಿಸುವ ಅಧಿಕಾರವಂತೂ ಇಲ್ಲವೇ ಇಲ್ಲ. ಇದ್ದದ್ದು ಅರಿಕೆ ಮಾತ್ರ. ಕೇಳಿದರೆ ಭಾಗ್ಯ, ಕೇಳದಿದ್ದರೆ ಮುಂದಿನ ದಸರೆ.

ಅಜ್ಜಿಗೆ ನಾನು ಹೇಳಲು ಹಿಂಜರಿದ ಇನ್ನೊಂದು ಸಂಗತಿಯೂ ಇದೆ. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟದ ಸಲುವಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಗಲೂ ಪಟ್ಟದಲ್ಲಿದ್ದವರು ಇದೇ ನಾಲ್ವಡಿಯವರು. ಒಳ್ಳೆಯ ರಾಜರ ಕಾಲದಲ್ಲೇ ಹೀಗಾದರೆ, ಕೆಟ್ಟ ರಾಜ ಬಂದಿದ್ದರೆ?

ಹಾಗಂತ ರಾಜ ಇದ್ದ ಕಡೆಯೆಲ್ಲ ಜನರ ಬಾಯಿ ಕಟ್ಟಿರುತ್ತದೆ ಅಂತಲೂ ಅಲ್ಲ. ಬ್ರಿಟನ್ನಿನಲ್ಲಿ ರಾಜರಿದ್ದಾರೆ, ಆಳುವುದು ಪಾರ್ಲಿಮೆಂಟು. ಗಣರಾಜ್ಯ ಅಂತ ಬೋರ್ಡು ಹಾಕಿಕೊಂಡು ಒಬ್ಬನೇ ಕುಣಿಸುವ ದೇಶಗಳೂ ಇವೆ.

ನಮ್ಮಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಜವಾಬ್ದಾರಿ ಸರ್ಕಾರ, ಅಂದರೆ ಜನರು ಆರಿಸಿದವರಿಗೆ ಉತ್ತರ ಕೊಡಬೇಕಾದ ಸರ್ಕಾರ, ಸುಮ್ನೆ ಸಿಗಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಅದಕ್ಕಾಗಿ ಮೈಸೂರು ಚಲೋ ಚಳವಳಿ ನಡೆಯಬೇಕಾಯಿತು. ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ನಾಲ್ವಡಿಯವರ ನಂತರ ಪಟ್ಟಕ್ಕೆ ಬಂದಿದ್ದ ಜಯಚಾಮರಾಜ ಒಡೆಯರು ರಾಜ್ಯಪಾಲರಂಥದೇ ಹುದ್ದೆಯಾದ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ಸಿಂಹಾಸನ ಬಿಟ್ಟು ಕುರ್ಚಿಗೆ ಬಂದದ್ದು ಅವರಿಗೆ ಹೇಗನ್ನಿಸಿತೋ.

ಅವರ ಮಗ ಶ್ರೀಕಂಠದತ್ತ ಒಡೆಯರು 1984ರಲ್ಲಿ ಮೈಸೂರಿನಿಂದ ಲೋಕಸಭೆಗೆ ಗೆದ್ದರು. 1989ರಲ್ಲೂ ಗೆದ್ದರು. 1991ರಲ್ಲಿ ಪಕ್ಷ ಬದಲಿಸಿ ನಿಂತಾಗ ದೇವರಾಜ ಅರಸರ ಮಗಳು ಚಂದ್ರಪ್ರಭಾ ಅರಸ್ ಎದುರು ಸೋತರು. ಮುಂದೆ ಮತ್ತೆ ಗೆದ್ದರು, ಮತ್ತೆ ಸೋತರು.

"ಮಹಾರಾಜರ ಮಗ ನಮ್ಮನ್ನ ಓಟು ಕೇಳೋದಾ?" ಅಂತ ಅಜ್ಜಿ ಆ ಚುನಾವಣೆ ಪೂರ್ತಿ ಗೊಣಗಿದಳು. ಮತ ಹಾಕಿ ಬಂದ ಮೇಲೆ ಕೇಳಿದೆ, ಯಾರಿಗೆ ಹಾಕಿದೆ ಅಜ್ಜಿ?

"ಅದನ್ನೆಲ್ಲ ಹೇಳಬಾರದು ಕಣೋ" ಅಂದು, ಹೂವಿನ ಬುಟ್ಟಿ ಹಿಡಿದುಕೊಂಡು ಒಳಗೆ ಹೋದಳು.